ಕಿವಿಗೆ ಸಿಗದ ಅದುರು

ಆ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರೇ, ಅಣ್ಣ ಮತ್ತು ತಮ್ಮ. ಅಣ್ಣನಿಗೆ ಐವತ್ತೆರಡು, ತಮ್ಮನಿಗೆ ಮೂವತ್ತೆಂಟು. ಅಣ್ಣನನ್ನು ಗಿರಾಕಿಗಳು ಮೇಸ್ತ್ರಿ ಎನ್ನುತ್ತಿದ್ದರು. ತಮ್ಮನನ್ನು ಅಣ್ಣ ಮೊದ್ದು ಎನ್ನುತ್ತಿದ್ದ. ಅಣ್ಣ ಕರೆಯುತ್ತಾನೆಂದು ಅತ್ತಿಗೆಯೂ ಹಾಗೇ ಕರೆದಳು, ಅತ್ತಿಗೆ ಕರೆಯುತ್ತಾಳೆಂದು ಪಕ್ಕದ ವೆಲ್ಡಿಂಗ್ ಅಂಗಡಿಯವನು, ಅವನಿಂದ ಇಡೀ ಬೀದಿ. ಅಪ್ಪ ತೀರಿಕೊಂಡಾಗ ತಮ್ಮನಿಗೆ ಒಂಬತ್ತು ವರ್ಷ. ಅಲ್ಲಿಂದ ಅವನನ್ನು ಸಾಕಿದವನು, ಕೆಲಸ ಕಲಿಸಿದವನು ಅಣ್ಣನೇ. ಸಾಕಿದ್ದನ್ನು ದಿನಕ್ಕೊಮ್ಮೆ ನೆನಪಿಸುತ್ತಿದ್ದ. ಕಲಿಸಿದ್ದು ಹಳೆಯ ಫ್ಯಾನ್ ಬೆಲ್ಟಿನಿಂದ. ಅದರ ಗುರುತು ತಮ್ಮನ ಮೀನಖಂಡದ ಮೇಲೆ ಇನ್ನೂ ಇತ್ತು.

ಮೇಸ್ತ್ರಿಯ ಹೆಸರೆಲ್ಲ ಅವನ ಕಿವಿಯಿಂದ ಬಂದದ್ದು. ಒಂದೂವರೆ ಅಡಿ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಬಲಗಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಗಿರಾಕಿ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಮೇಸ್ತ್ರಿ ಕಣ್ಣು ತೆರೆದು ಮೂರನೇ ವಾಲ್ವು ಎಂದರೆ, ಬಿಚ್ಚಿ ನೋಡಿದಾಗ ಕೆಟ್ಟಿರುತ್ತಿದ್ದದ್ದು ಮೂರನೇ ವಾಲ್ವೇ. ಅದು ಸುಳ್ಳಲ್ಲ, ಅವನಿಗೆ ವಿದ್ಯೆ ಇತ್ತು. ಆದರೆ ಹತ್ತು ವರ್ಷಗಳಿಂದ ಆ ವಿದ್ಯೆಯಲ್ಲಿ ಅರ್ಧ ಪಾಲು ತಮ್ಮನದು. ಗಿರಾಕಿ ಬರುವ ಮೊದಲೇ ತಮ್ಮ ಇಂಜಿನ್ನಿನ ಸುತ್ತ ಒಂದು ಸುತ್ತು ಹಾಕಿ, ರೋಗ ಇಂಥಲ್ಲಿದೆ ಎಂದು ಮೆಲ್ಲಗೆ ಹೇಳಿರುತ್ತಿದ್ದ. ಅಣ್ಣ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವನಂತೆ ಇದ್ದು, ಆಮೇಲೆ ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟು ಅದೇ ಮಾತನ್ನು ಘೋಷಿಸುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಇಲ್ಲಿ ಮದ್ದು ಹಿತ್ತಲಿನದೇ, ಬಾಟಲಿ ಮಾತ್ರ ಅಣ್ಣನದು.

ತಮ್ಮ ಇದನ್ನೆಲ್ಲ ನುಂಗಿಕೊಂಡಿದ್ದ. ನುಂಗಲಾಗದೆ ಗಂಟಲಲ್ಲಿ ಉಳಿದದ್ದು ಒಂದೇ. ಆರು ವರ್ಷದ ಹಿಂದೆ ಒಬ್ಬ ದರ್ಜಿ ತನ್ನ ಮಗಳಿಗೆಂದು ಇವನನ್ನು ನೋಡಲು ಗ್ಯಾರೇಜಿಗೇ ಬಂದಿದ್ದ. ತಮ್ಮ ಆಗ ಒಂದು ವ್ಯಾನಿನ ಅಡಿಯಲ್ಲಿ ಮಲಗಿದ್ದ. ಹುಡುಗ ಹೇಗೆ ಎಂದು ದರ್ಜಿ ಕೇಳಿದಾಗ ಅಣ್ಣ ನಗುತ್ತ, "ಒಳ್ಳೇವನೇ. ಹೇಳಿದ್ದು ಮಾಡ್ತಾನೆ. ಹೇಳದೆ ಇದ್ರೆ ಉಸಿರಾಡೋದೂ ಮರೀತಾನೆ" ಎಂದ. ದರ್ಜಿಯೂ ನಕ್ಕ. ಚಹಾ ಕುಡಿದು ಹೋದವನು ಮತ್ತೆ ತಿರುಗಿ ನೋಡಲಿಲ್ಲ. ವ್ಯಾನಿನ ಅಡಿಯಿಂದ ತಮ್ಮನಿಗೆ ಕಂಡದ್ದು ದರ್ಜಿಯ ಪಾಲಿಶ್ ಹಾಕಿದ ಚಪ್ಪಲಿಗಳು, ಅವು ಬಾಗಿಲ ಕಡೆ ಹೊರಟದ್ದು. ಮದುವೆಯಾದರೆ ತಮ್ಮ ಬೇರೆ ಹೋಗುತ್ತಾನೆ, ಬೇರೆ ಹೋದರೆ ಬೇರೆ ಗ್ಯಾರೇಜು ಇಡುತ್ತಾನೆ ಎಂಬ ಲೆಕ್ಕ ಅಣ್ಣನ ತಲೆಯಲ್ಲಿತ್ತು ಎನ್ನುವುದು ಅವನಿಗೆ ಹೊಳೆದದ್ದು ಎಷ್ಟೋ ತಿಂಗಳಾದ ಮೇಲೆ. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಒಂಟಿಯಾಗಿ ಉಳಿದುಕೊಂಡ.

ಹೀಗಿರುವಾಗ ಹಲ್ಲಿನ ಡಾಕ್ಟರಮ್ಮನ ಕಾರು ಬಂತು. ಇಪ್ಪತ್ತನಾಲ್ಕು ವರ್ಷದ ಹಳೆಯ, ಬೂದಿ ಬಣ್ಣದ ಕಾರು, ಆಕೆಯ ತಂದೆ ಬಿಟ್ಟುಹೋದದ್ದು. ಅದನ್ನು ಆಕೆ ಚೆನ್ನಾಗಿಯೇ ಇಟ್ಟುಕೊಂಡಿದ್ದಳು. ಈಗ ಎರಡು ತಿಂಗಳಿಂದ ಅದುರುತ್ತಿತ್ತು. ನಿಂತಲ್ಲಿ ಸಣ್ಣಗೆ, ವೇಗ ಹಿಡಿದರೆ ಜೋರಾಗಿ. ಕನ್ನಡಿಯಲ್ಲಿ ಹಿಂದಿನ ಗಾಡಿ ಒಂದು ಹೋಗಿ ಎರಡಾಗಿ ಕಾಣುತ್ತಿತ್ತು. ಸ್ಟೀರಿಂಗ್ ಹಿಡಿದು ಇಳಿದ ಮೇಲೆ ಕಾಲುಗಂಟೆ ತನ್ನ ಬೆರಳು ಜುಮ್ಮೆನ್ನುತ್ತವೆ, ಜನರ ಬಾಯೊಳಗೆ ಸೂಜಿ ಹಿಡಿಯುವ ಕೈಗೆ ಹೀಗಾದರೆ ಹೇಗೆ ಎಂದು ಆಕೆ ಕೇಳಿದಳು. ಮಾತಿನಲ್ಲಿ ಆಕೆಯೂ ಹರಿತವೇ.

ಅಣ್ಣ ಕಾರನ್ನು ಒಂದು ಸುತ್ತು ಓಡಿಸಿ ಬಂದು, ಚಕ್ರದ ತೂಕ ಹೆಚ್ಚುಕಡಿಮೆಯಾಗಿದೆ ಎಂದ. ನಾಲ್ಕೂ ಚಕ್ರದ ತೂಕ ಸರಿಮಾಡಿ ಕಳಿಸಿದರು. ವಾರದೊಳಗೆ ಕಾರು ವಾಪಸು. ಎರಡನೇ ಸಲ ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟು ಪ್ಲಗ್ಗು ಎಂದ. ಪ್ಲಗ್ಗು, ಅವುಗಳ ತಂತಿ ಎಲ್ಲ ಹೊಸದಾದವು. ಐದು ದಿನಕ್ಕೆ ವಾಪಸು. ಮೂರನೇ ಸಲ ಇಂಜಿನ್ ಕೂತಿರುವ ರಬ್ಬರ್ ಮೆತ್ತೆಗಳನ್ನು ಬದಲಾಯಿಸಿದ. ಮಾರನೇ ದಿನವೇ ವಾಪಸು.

ಅಷ್ಟರಲ್ಲಿ ತಮ್ಮ ತನ್ನ ಪಾಡಿಗೆ ತಾನು ನೋಡುತ್ತಿದ್ದ. ಕಾರು ನಿಂತೇ ಇರುವಾಗಲೂ, ಗೇರ್ ಹಾಕದೆ ಇಂಜಿನ್ ಏರಿಸಿದರೆ ಕನ್ನಡಿ ಮಂಜಾಗುತ್ತಿತ್ತು. ಅಂದ ಮೇಲೆ ಚಕ್ರದ ತಪ್ಪಿಲ್ಲ. ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದ. ಯಾವುದನ್ನು ಎಳೆದರೂ ಇಂಜಿನ್ ಒಂದೇ ಸಮನೆ ಕುಗ್ಗಿತು. ಅಂದ ಮೇಲೆ ನಾಲ್ಕು ಸಿಲಿಂಡರೂ ಸಮಪಾಲು ದುಡಿಯುತ್ತಿವೆ. ಬೆಲ್ಟನ್ನು ಕಳಚಿ ಒಂದು ನಿಮಿಷ ಓಡಿಸಿದ, ಅದುರು ಹಾಗೇ ಇತ್ತು. ಹಾಗಾದರೆ ಪಂಪಲ್ಲ, ಡೈನಮೋ ಅಲ್ಲ. ಉಳಿದದ್ದು ಇಂಜಿನ್ನಿನ ಜೊತೆಗೇ ತಿರುಗುವಂಥದ್ದು. ಟಾರ್ಚ್ ಹಿಡಿದು ಮುಂದೆ ಕುಕ್ಕರಗಾಲಿನಲ್ಲಿ ಕೂತು, ಇಂಜಿನ್ನಿನ ಮುಖ್ಯ ದಂಡದ ತುದಿಯಲ್ಲಿರುವ ದೊಡ್ಡ ಪುಲ್ಲಿಯನ್ನೇ ದಿಟ್ಟಿಸಿದ. ಅದು ನೋಡಲು ಒಂದೇ ತುಂಡು, ನಿಜಕ್ಕೆ ಎರಡು: ಒಳಗೆ ದಂಡಕ್ಕೆ ಬಿಗಿದ ಗುಂಬವೊಂದು, ಹೊರಗೊಂದು ಭಾರದ ಬಳೆ, ನಡುವೆ ಅವೆರಡನ್ನೂ ಹಿಡಿದಿಡುವ ರಬ್ಬರ್ ಪಟ್ಟಿ. ಇಂಜಿನ್ನಿನ ನಡುಕವನ್ನು ನುಂಗುವುದೇ ಅದರ ಕೆಲಸ. ತಿರುಗುವಾಗ ಹೊರಗಿನ ಬಳೆ ಬೀಳುವ ಮುನ್ನಿನ ಬುಗುರಿಯ ಹಾಗೆ ಕೂದಲೆಳೆಯಷ್ಟು ತೂರಾಡುತ್ತಿತ್ತು.

ಮೂರನೇ ಸಲ ಕಾರು ವಾಪಸು ಬಂದ ದಿನ ಡಾಕ್ಟರಮ್ಮ ಎದುರಿಗೇ ನಿಂತಿದ್ದಳು. ವೆಲ್ಡಿಂಗಿನವನೂ ಇನ್ನಿಬ್ಬರು ಗಿರಾಕಿಗಳೂ ಇದ್ದರು. ಅಣ್ಣ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಮ್ಮ, ಪುಲ್ಲಿಯ ರಬ್ಬರ್ ಹೋಗಿರಬಹುದು, ಒಂದು ಸಲ ಬಿಚ್ಚಿ ನೋಡೋಣ ಎಂದುಬಿಟ್ಟ. ಗಿರಾಕಿಯ ಮುಂದೆ ಅವನು ದನಿಯೆತ್ತಿ ಮಾತಾಡಿದ್ದು ಅದೇ ಮೊದಲು. ಡಾಕ್ಟರಮ್ಮ ಅಣ್ಣನ ಕಡೆ ತಿರುಗಿ, "ನಿಮ್ಮ ತಮ್ಮ ಏನೋ ಹೇಳ್ತಿದ್ದಾರೆ, ಅವರ ಮಾತನ್ನಾದ್ರೂ ಕೇಳಿ. ನಿಮ್ಮದಂತೂ ಮೂರು ಸಲ ಕೇಳಿದ್ದಾಯ್ತು" ಎಂದಳು.

ಅಣ್ಣನ ಮುಖ ಕಪ್ಪಿಟ್ಟಿತು. ಮರುಗಳಿಗೆ ನಕ್ಕ. ಮೂಲೆಯ ಗುಜರಿ ರಾಶಿಯಿಂದ ಯಾವುದೋ ಲಾರಿಯ ತುಕ್ಕು ಹಿಡಿದ ಪುಲ್ಲಿಯನ್ನು ಎತ್ತಿ, ಅದರ ತೂತಿಗೆ ಹಗ್ಗ ಪೋಣಿಸಿ ಗಂಟು ಹಾಕಿದ. "ಪುಲ್ಲಿ ಬೇಕಾ ನಿನಗೆ? ತಗೋ. ಊಟದ ತನಕ ತೆಗೀಬಾರ್ದು" ಎಂದು ತಮ್ಮನ ಕೊರಳಿಗೆ ಹಾಕಿದ.

ಮೂರು ಕಿಲೋ ಇದ್ದೀತು. ತಮ್ಮ ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲವೆಂದು ಆಮೇಲೆ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡ. ಇಪ್ಪತ್ತೊಂಬತ್ತು ವರ್ಷ ಅಣ್ಣ ಹಾಕಿದ್ದನ್ನು ತೆಗೆದು ಗೊತ್ತಿಲ್ಲದ ಕೈಗಳು ಅವು. ವೆಲ್ಡಿಂಗಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಡಾಕ್ಟರಮ್ಮ ಗಡಿಯಾರ ನೋಡಿಕೊಂಡು, ರೋಗಿಗಳು ಕಾಯುತ್ತಿದ್ದಾರೆಂದು ಆಟೋ ಹತ್ತಿ ಹೋದಳು. ಅವನು ಆ ಭಾರ ಹೊತ್ತುಕೊಂಡೇ ಒಂದು ಗಾಡಿಯ ಬ್ರೇಕ್ ಬಿಚ್ಚಿದ, ಎರಡು ಟೈರ್ ಕಳಚಿದ. ಬಗ್ಗಿದಾಗಲೆಲ್ಲ ಪುಲ್ಲಿ ಗದ್ದಕ್ಕೆ ಬಡಿಯುತ್ತಿತ್ತು. ಒಂದು ಗಂಟೆಗೆ ಅತ್ತಿಗೆ ಊಟದ ಡಬ್ಬಿ ಹಿಡಿದು ಬಂದಳು. ಅವನನ್ನು ಕಂಡು ಬಾಗಿಲಲ್ಲೇ ನಿಂತಳು. ಅವಳಾದರೂ ಇದೇನು ಎಂದು ಗಂಡನನ್ನು ಕೇಳಿಯಾಳೆಂದು ಅವನಿಗೆ ಅನ್ನಿಸಿತ್ತು. ಅತ್ತಿಗೆಯ ತುಟಿ ಅಲುಗಿತು, ತಡೆಯಲಾಗದೆ ಕಿಸಕ್ಕನೆ ನಕ್ಕಳು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಪುಲ್ಲಿಯನ್ನು ಕೊರಳಿನಿಂದ ತೆಗೆದು ಗುಜರಿ ರಾಶಿಗೆ ಹಾಕಿ ಕೈ ತೊಳೆಯಲು ಹೋದ.

ಸಂಜೆ ಅಣ್ಣ ಮನೆಗೆ ಹೋದ ಮೇಲೆ ತಮ್ಮ ಸೀಮೆಸುಣ್ಣದ ಚೂರು ತೆಗೆದುಕೊಂಡು, ಡಾಕ್ಟರಮ್ಮನ ಕಾರಿನ ಪುಲ್ಲಿಯ ಗುಂಬದಿಂದ ಹೊರಗಿನ ಬಳೆಯವರೆಗೆ ಒಂದು ನೇರ ಗೆರೆ ಎಳೆದ. ರಬ್ಬರ್ ಗಟ್ಟಿಯಿದ್ದರೆ ಎಷ್ಟು ಓಡಿದರೂ ಗೆರೆ ನೇರವಾಗಿಯೇ ಇರಬೇಕು. ಬೆಳಿಗ್ಗೆ ಅಣ್ಣ ಕಾರನ್ನು ಮತ್ತೊಂದು ಸುತ್ತು ಓಡಿಸಿ ತಂದು ನಿಲ್ಲಿಸಿ ಚಹಾಕ್ಕೆ ಹೋದ. ತಮ್ಮ ಬಗ್ಗಿ ನೋಡಿದ. ಗೆರೆ ಎರಡು ತುಂಡಾಗಿತ್ತು. ಗುಂಬದ ತುಂಡು ಮೇಲೆ, ಬಳೆಯ ತುಂಡು ನಾಲ್ಕು ಬೆರಳು ಆಚೆ. ಬೆರಳಿನಿಂದ ತಳ್ಳಿದರೆ ಬಳೆ ಸರಿಯುತ್ತಿತ್ತು. ಬೆಲ್ಟಿನ ಬಿಗಿಯಲ್ಲಿ ಹೇಗೋ ನಿಂತಿತ್ತು, ಅಷ್ಟೇ. ಜೋರಾಗಿ ಓಡಿಸಿದರೆ ಇವತ್ತಲ್ಲ ನಾಳೆ ಹಾರುತ್ತದೆ. ಹಾರಿದಾಗ ಎದುರಿಗೆ ಏನಿರುತ್ತದೋ ಅದರ ಗತಿ ಮುಗಿಯಿತು.

ಬೀದಿಯಾಚೆ ಅಣ್ಣ ಚಹಾ ಲೋಟ ಹಿಡಿದು ವೆಲ್ಡಿಂಗಿನವನ ಜೊತೆ ನಗುತ್ತಿದ್ದ. ನಡುವೆ ಒಮ್ಮೆ ತನ್ನ ಕೊರಳಿನ ಸುತ್ತ ಕೈಯಾಡಿಸಿ, ಭಾರ ಹೊತ್ತವನಂತೆ ಬಗ್ಗಿ ತೋರಿಸಿದ. ತಮ್ಮ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಗೆರೆಯನ್ನು ಒರೆಸಿಬಿಟ್ಟ.

ಕೇಳಿದರೆ ಹೇಳುತ್ತೇನೆ ಎಂದು ತನಗೆ ತಾನೇ ಅಂದುಕೊಂಡ. ಅದೊಂದು ಮಾತು ಅವನಿಗೆ ಬಹಳ ಸಮಾಧಾನ ಕೊಟ್ಟಿತು. ಅಣ್ಣ ಗೇರ್ ಬಾಕ್ಸ್ ಇಳಿಸು ಎಂದ, ಇವನು ಇಳಿಸಿದ. ಕ್ಲಚ್ ಬದಲಾಯಿಸು ಎಂದ, ಬದಲಾಯಿಸಿದ. ಎರಡು ದಿನ ಕಾರಿನಡಿ ಬೆನ್ನು ನೆಲಕ್ಕೆ ಅಂಟಿಸಿ ಮಲಗಿ, ಅಣ್ಣನ ಕಾಲುಗಳು ಅತ್ತಿಂದಿತ್ತ ಓಡಾಡುವುದನ್ನು ನೋಡುತ್ತ, ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಕಾದ. ನಿನಗೇನನ್ನಿಸುತ್ತೋ ಎಂದು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಅಣ್ಣ ಕೇಳಲಿಲ್ಲ. ಗೇರ್ ಬಾಕ್ಸ್ ಮೇಲೇರಿಸಿ ಇಂಜಿನ್ ಹಚ್ಚಿದರೆ ಅದುರು ಇದ್ದಲ್ಲೇ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಣ್ಣ ಈಗ ತಮ್ಮ ಬೋಲ್ಟು ಬಿಗಿದದ್ದು ಸರಿಯಿಲ್ಲ ಎಂದು ಎಲ್ಲವನ್ನೂ ಎರಡನೇ ಸಲ ಬಿಗಿಸಿದ.

ಶುಕ್ರವಾರ ಡಾಕ್ಟರಮ್ಮ ಫೋನ್ ಮಾಡಿದಳು. ಶನಿವಾರ ಮಧ್ಯಾಹ್ನ ಕಾರು ಒಯ್ಯಲು ಒಬ್ಬರನ್ನು ಕಳಿಸುತ್ತೇನೆ, ಆಗದಿದ್ದರೆ ಆಗಲಿಲ್ಲ ಅನ್ನಿ, ನಾನು ಬೇರೆ ಕಡೆ ತೋರಿಸುತ್ತೇನೆ ಎಂದಳಂತೆ. ಅಣ್ಣ ಅದನ್ನು ಯಾರಿಗೂ ಹೇಳಲಿಲ್ಲ, ಆದರೆ ಅವಳ ದನಿ ಫೋನಿನಿಂದ ಆಚೆಗೂ ಕೇಳುವಷ್ಟು ಗಟ್ಟಿಯಿತ್ತು. ವೆಲ್ಡಿಂಗಿನವನಿಗೆ ಅಷ್ಟು ಸಾಕಾಯಿತು, ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಶನಿವಾರ ಬೆಳಿಗ್ಗೆ ಅಣ್ಣ ಹೊಸ ಅಂಗಿ ಹಾಕಿಕೊಂಡು ಬಂದ. ಇವತ್ತು ಇಂಜಿನ್ನಿನ ಒಳಗಿನ ಮಾತು ಕೇಳಿಯೇ ತೀರುತ್ತೇನೆ ಎಂದ. ಗಾಳಿಯ ಸದ್ದು ಅಡ್ಡ ಬರುತ್ತದೆಂದು ಮುಂದಿನ ಫ್ಯಾನನ್ನೂ ಅದರ ಕವಚವನ್ನೂ ಬಿಚ್ಚಿಸಿದ. ಈಗ ಪುಲ್ಲಿಯ ಮುಂದೆ ಏನೂ ಇರಲಿಲ್ಲ.

"ಒಳಗೆ ಕೂತ್ಕೋ. ನಾನು ಹೇಳಿದ ಹಾಗೆ ಏರಿಸು" ಎಂದು ತಮ್ಮನಿಗೆ ಹೇಳಿ, ಮುಂದಿನಿಂದ ಬಾಗಿ, ಸ್ಕ್ರೂಡ್ರೈವರಿನ ತುದಿಯನ್ನು ನೀರಿನ ಪಂಪಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿದ.

ತಮ್ಮ ಸೀಟಿನಲ್ಲಿ ಕೂತ. ಎತ್ತಿದ ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ಅವನಿಗೆ ಅಣ್ಣನ ಹೊಸ ಅಂಗಿಯ ಹೆಗಲು, ನರೆತ ತಲೆಯ ಒಂದು ಭಾಗ ಕಾಣುತ್ತಿತ್ತು. ಕೀಲಿ ತಿರುಗಿಸಿದ. ಮೆಲ್ಲಗೆ ಏರಿಸಿದ. ಇಂಜಿನ್ನಿನ ಸುತ್ತು ತೋರಿಸುವ ಮುಳ್ಳು ಎರಡು ಸಾವಿರಕ್ಕೆ ಬಂದಾಗ ಸ್ಟೀರಿಂಗ್ ಅಂಗೈಯಲ್ಲಿ ನಡುಗಿತು. ಇನ್ನೂ ಕೊಡು ಎಂದ ಅಣ್ಣ. ಎರಡೂವರೆ. ಕನ್ನಡಿ ಮಂಜಾಯಿತು. ಆಗ ತಮ್ಮನ ಕಾಲು ತಾನಾಗಿ ಮೇಲೆ ಬಂತು. ಇಂಜಿನ್ ಕುಗ್ಗಿತು. ಅವನ ಬಾಯಲ್ಲಿ ಅಣ್ಣಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದೊಂದು ಗಳಿಗೆ ನಿಜವಾಗಿಯೂ ಬಂದಿತ್ತು.

"ಸತ್ತ್ಯೇನೋ ಮೊದ್ದು? ಒತ್ತು ಅಂದ್ರೆ ಒತ್ತು" ಎಂದ ಅಣ್ಣ ತಲೆಯೆತ್ತದೆ. ಬಾಗಿಲ ಬಳಿ ನಿಂತಿದ್ದ ವೆಲ್ಡಿಂಗಿನವನು ನಕ್ಕದ್ದು ಕೇಳಿಸಿತು.

ಹೇಳಿದ್ದು ಮಾಡುವವನು ಒತ್ತಿದ. ಮೂರು ಸಾವಿರ, ಮೂರೂವರೆ, ಪೆಡಲ್ ನೆಲಕ್ಕೆ ತಾಗುವ ತನಕ.

ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ತಗಡಿನ ಮೇಲೆ ಒಂದು ಕಲ್ಲು ಬಿದ್ದ ಹಾಗೆ. ಬಳೆ ಗುಂಬದಿಂದ ಕಳಚಿ ಮುಂದಕ್ಕೆ ಹಾರಿ ಸ್ಕ್ರೂಡ್ರೈವರಿಗೆ ಹೊಡೆದಿತ್ತು, ಸ್ಕ್ರೂಡ್ರೈವರಿನ ಹಿಡಿ ಸುತ್ತಿಗೆಯ ಹಾಗೆ ಅಣ್ಣನ ಕಿವಿಗೆ ಹೊಡೆದಿತ್ತು. ಹೆಗಲು ಸಂದಿಯಿಂದ ಮಾಯವಾಯಿತು. ತಮ್ಮ ಇಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಆಮೇಲೆ ಇಳಿದ. ಅಣ್ಣ ಸಿಮೆಂಟಿನ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಕಿವಿಯ ಹಾಲೆ ಹರಿದು ಜೋತಾಡುತ್ತಿತ್ತು. ಕಿವಿಯೊಳಗಿನಿಂದ ರಕ್ತ, ರಕ್ತದ ಜೊತೆ ನೀರಿನಂಥದ್ದು. ಕಣ್ಣು ತೆರೆದುಕೊಂಡೇ ಇದ್ದ, ಆದರೆ ಕಣ್ಣುಗುಡ್ಡೆಗಳು ಒಂದೇ ಕಡೆ ಜಾರಿ ಜಾರಿ ಹೋಗುತ್ತಿದ್ದವು. ವೆಲ್ಡಿಂಗಿನವನು ಅಲ್ಲೇ ಗೋಡೆಗೆ ಆತು ವಾಂತಿ ಮಾಡಿದ. ಅಣ್ಣನನ್ನು ಎತ್ತಿ ವ್ಯಾನಿಗೆ ಹಾಕಿದವನು ತಮ್ಮನೇ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯ ತನಕ ಅಲುಗದಂತೆ ಹಿಡಿದವನೂ ಅವನೇ. ಬೀದಿಯೆಲ್ಲ ಅದನ್ನು ಕೊಂಡಾಡಿತು.

ಕಿವಿಯ ಹಿಂದಿನ ಎಲುಬು ಬಿರುಕು ಬಿಟ್ಟಿತ್ತು. ಆ ಬಲಗಿವಿ ಇನ್ನು ಕೇಳುವುದಿಲ್ಲ ಎಂದರು ಡಾಕ್ಟರು. ಮುಖದ ಬಲಭಾಗ ಜೋತು ಬಿದ್ದಿತು. ತಲೆ ಎತ್ತಿದರೆ ಲೋಕ ತಿರುಗುತ್ತಿತ್ತು. ಅದು ಕೊಂಚ ಸರಿಹೋಗಬಹುದು, ಪೂರ್ತಿ ಹೋಗಲಾರದು ಎಂದೂ ಹೇಳಿದರು.

ಅಣ್ಣ ಆಸ್ಪತ್ರೆಯಲ್ಲಿದ್ದಾಗಲೇ ತಮ್ಮ ಹೊಸ ಪುಲ್ಲಿ ತರಿಸಿ ಹಾಕಿದ. ಎರಡು ಗಂಟೆಯ ಕೆಲಸ. ಇಂಜಿನ್ ಹಚ್ಚಿದರೆ ಓಡುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ನುಣುಪಾಗಿ ಓಡಿತು. ಡಾಕ್ಟರಮ್ಮ ಒಂದು ಸುತ್ತು ಹೋಗಿ ಬಂದು, ಕಾರಿನಲ್ಲಿ ಕೂತಲ್ಲೇ ಬೆರಳು ಬಿಡಿಸಿ ನೋಡಿಕೊಂಡಳು. ನಿಮ್ಮಣ್ಣನ ವಿಷಯ ಕೇಳಿದೆ, ಪಾಪ ಎಂದಳು. ನೀವು ಅವತ್ತೇ ಹೇಳಿದ್ದಿರಲ್ಲ, ಆಮೇಲೆ ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅವರು ಕೇಳಲಿಲ್ಲ ಎಂದ ತಮ್ಮ. ಆಕೆ ಅವನನ್ನು ಒಂದು ಗಳಿಗೆ ನೋಡಿದಳು. ಏನೋ ಅರ್ಥವಾದಂತೆ ಹುಬ್ಬು ಮೇಲೇರಿತು. ಆಮೇಲೆ, ಇನ್ನು ಮುಂದೆ ಕಾರು ನಿಮ್ಮ ಹತ್ತಿರವೇ ಬಿಡುತ್ತೇನೆ ಎಂದು ಹೇಳಿ ಹೊರಟಳು.

ನಾಲ್ಕು ತಿಂಗಳಾದ ಮೇಲೆ ಅಣ್ಣ ಗ್ಯಾರೇಜಿಗೆ ಬರತೊಡಗಿದ. ಗೋಡೆ ಹಿಡಿದು ಬರುತ್ತಿದ್ದ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ, ಏನಾದರೂ ಕೆಲಸ ಕೊಡು ಎಂದ. ತಮ್ಮ ಅವನಿಗೆ ಬಾಗಿಲ ಪಕ್ಕ, ದಾರಿಹೋಕರಿಗೆಲ್ಲ ಕಾಣುವ ಕಡೆ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ. ಒಂದು ಬಕೆಟ್ ತುಂಬ ಹಳೆಯ ನಟ್ಟು ಬೋಲ್ಟು ಕೊಟ್ಟು, ಅಳತೆ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕು ಎಂದ. ಅಣ್ಣ ದಿನವೆಲ್ಲ ಆರಿಸುತ್ತಿದ್ದ. ಸಂಜೆ ಅವನು ಹೋದ ಮೇಲೆ ತಮ್ಮ ಎಲ್ಲ ಡಬ್ಬಿಗಳನ್ನೂ ಮತ್ತೆ ಬಕೆಟ್ಟಿಗೆ ಸುರಿದು ಚೆನ್ನಾಗಿ ಕಲಸಿ ಇಡುತ್ತಿದ್ದ. ಮೂರನೇ ದಿನ ಅಣ್ಣ ಒಂದು ಬಾಗಿದ ಬೋಲ್ಟನ್ನು ಎತ್ತಿ ಹಿಡಿದು, ಇದನ್ನು ನಿನ್ನೆಯೇ ಆರಿಸಿದ್ದೆ ಅಲ್ಲವೇನೋ ಎಂದ. ಅದು ಬೇರೆಯದು ಎಂದ ತಮ್ಮ. ಅಣ್ಣ ಅದನ್ನು ಬಹಳ ಹೊತ್ತು ಬೆರಳಲ್ಲಿ ತಿರುಗಿಸಿ ನೋಡಿ, ಡಬ್ಬಿಗೆ ಹಾಕಿದ. ಆಮೇಲೆ ಕೇಳಲಿಲ್ಲ.

ಒಂದು ಮಧ್ಯಾಹ್ನ ಅತ್ತಿಗೆ ಊಟ ತಂದಳು. ಅವಳು ಒಳಗಿನ ಬೆಂಚಿನ ಮೇಲೆ ಡಬ್ಬಿ ಬಿಚ್ಚುತ್ತಿದ್ದಳು. ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ತಮ್ಮ ಹತ್ತಿರ ಬಂದಾಗ ಅಣ್ಣ ಅವನ ಅಂಗಿಯ ಚುಂಗು ಹಿಡಿದುಕೊಂಡ. ಒಂದು ಕಿವಿ ಹೋದ ಮೇಲೆ ಅವನಿಗೆ ತನ್ನ ದನಿಯ ಅಳತೆ ತಪ್ಪಿತ್ತು. ಜೋತ ತುಟಿಯಿಂದ ಮಾತು ಜೊಲ್ಲಿನ ಜೊತೆ ಬಂತು.

"ಅವತ್ತು ನಿನಗೆ ಗೊತ್ತಿತ್ತಾ? ಅದು ಹಾರುತ್ತೆ ಅಂತ?"

ತಮ್ಮ ಕುರ್ಚಿಯ ಬಲಕ್ಕೆ ಬಂದು ಬಗ್ಗಿದ. ಹೊಲಿಗೆ ಹಾಕಿದ ಕಿವಿಯ ಹತ್ತಿರ, ಬಾಯಿ ತಾಗುವಷ್ಟು ಹತ್ತಿರ, ಎಂದಿನ ದನಿಯಲ್ಲೇ ಹೇಳಿದ.

"ಗೊತ್ತಿತ್ತು. ಕೂತಾಗಲೂ ಗೊತ್ತಿತ್ತು, ಒತ್ತುವಾಗಲೂ ಗೊತ್ತಿತ್ತು."

"ಏನು?" ಎಂದ ಅಣ್ಣ, ಮುಖ ತಿರುಗಿಸಲು ಹೆಣಗುತ್ತ. "ಏನಂದೆ?"

ತಮ್ಮ ಎಡಕ್ಕೆ ಹೋದ. "ಊಟ ಮಾಡು ಅಂದೆ" ಎಂದ ಗಟ್ಟಿಯಾಗಿ.

ಬೆಂಚಿನ ಬಳಿ ಡಬ್ಬಿಯ ಮುಚ್ಚಳ ನೆಲಕ್ಕೆ ಬಿತ್ತು. ಅತ್ತಿಗೆ ಅದನ್ನು ಎತ್ತಿಕೊಳ್ಳಲಿಲ್ಲ. ಮೈದುನನ ಮುಖ ನೋಡಿದಳು. ಅವನೂ ನೋಡಿದ, ಕಣ್ಣು ಕೆಳಗೆ ಹಾಕಲಿಲ್ಲ. ಆಮೇಲೆ ಅವಳು ಗಂಡನ ಮುಂದೆ ತಟ್ಟೆ ಇಟ್ಟು, ತುತ್ತು ಮಾಡಿ, ತುಟಿಯ ಸೋರದ ಕಡೆಯಿಂದ ಬಾಯಿಗಿಟ್ಟಳು.

ಹೋಗುವಾಗ ಬಾಗಿಲಲ್ಲಿ ನಿಂತು, ಮೈದುನನ ಕಡೆ ನೋಡದೆ, ನಾಳೆಯಿಂದ ಅವರನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದಳು.

"ಬೇಡ ಅತ್ತಿಗೆ. ಇಲ್ಲಿ ಅವನಿಗೆ ಕೆಲಸ ಇದೆ. ಕಳಿಸಿ" ಎಂದ ಅವನು ಕೈ ಒರೆಸಿಕೊಳ್ಳುತ್ತ. "ನೀವೂ ಮನೆ ನಡೆಸಬೇಕಲ್ಲ, ದುಡ್ಡು ಇಲ್ಲಿಂದಲೇ ತಾನೇ ಬರೋದು."

ಅವಳು ಗಂಡನ ತೋಳು ಹಿಡಿದು ಬೀದಿ ದಾಟಿದಳು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅವನನ್ನು ಕರೆತಂದು ಕುರ್ಚಿಯ ಮೇಲೆ ಕೂರಿಸಿ ಹೋದಳು.